ಗೆರೆ ಕೂಡಬೇಕು

ನಮ್ಮ ಷಡ್ಡಕರು ನೌಕರಿಯಿಂದ ನಿವೃತ್ತರಾದರು, ಅವರ ಅಳತೆಯ ಟೇಪು ಮಾತ್ರ ಆಗಲಿಲ್ಲ. ಇಂಜಿನಿಯರಾಗಿದ್ದಾಗ ಅದರಿಂದ ಚರಂಡಿ ಅಳೆಯುತ್ತಿದ್ದರು. ಈಗ ಸೃಷ್ಟಿರಹಸ್ಯ ಅಳೆಯುತ್ತಾರೆ. ಯಾರೋ ಕಳಿಸಿದ ವಿಡಿಯೋ ನೋಡಿದಂದಿನಿಂದ, ಭಗವಂತ ಜಗತ್ತನ್ನೆಲ್ಲ 1.618 ಎಂಬ ಒಂದೇ ಅನುಪಾತದಲ್ಲಿ ಕಟ್ಟಿದ್ದಾನೆಂದು ಅವರಿಗೆ ಖಾತ್ರಿಯಾಗಿದೆ. ಮದುವೆಮನೆಯಲ್ಲಿ ಬಾಳೆಲೆಯ ಉದ್ದಗಲ ಅಳೆಯುತ್ತ ಕೂರುತ್ತಾರೆ, ಬಡಿಸುವವನು ಪಲ್ಯ ಹಿಡಿದು ಕಾಯುತ್ತಾನೆ. ಒಮ್ಮೆ ನನ್ನ ಮುಖಕ್ಕೂ ಟೇಪು ಬಂತು. ಹಣೆ, ಮೂಗು, ಗದ್ದ ಎಲ್ಲ ಆಯಿತು. ಭಾಗಾಕಾರ ಮಾಡಿ, ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, "ಇರಲಿ ಬಿಡಿ, ಪ್ರಕೃತಿಯಲ್ಲೂ ಅಪವಾದ ಇದ್ದೇ ಇರುತ್ತೆ" ಎಂದು ಸಮಾಧಾನ ಹೇಳಿದರು.

ಹಾಗಂತ ಅವರನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ ಹೊಲದಲ್ಲಿ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ, ಇವರು ಒಂದು ಹೂವಿನ ಮುಂದೆ ನಿಂತು ಬೀಜದ ಸುರುಳಿಗಳನ್ನು ಎಣಿಸಿದರು. ಒಂದು ದಿಕ್ಕಿಗೆ 34, ಇನ್ನೊಂದಕ್ಕೆ 55, ಭಾಗಿಸಿದರೆ ಹತ್ತಿರ ಹತ್ತಿರ ಅದೇ 1.618. ಹೊಸದಾಗಿ ಹುಟ್ಟುವ ಪ್ರತಿ ಮೊಳಕೆಯೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ಹೊರಳಿ, ತುಂಬಿದ ಬಸ್ಸಿನಲ್ಲಿ ಸೀಟು ಹುಡುಕುವವರ ಹಾಗೆ, ಜಾಗ ಕಂಡಲ್ಲಿ ಕೂರುತ್ತದೆ. ಸುರುಳಿ ತಾನಾಗಿ ಏಳುತ್ತದೆ.

"ಫಿಬೊನಾಚಿ!" ಎಂದು ಕೂಗಿದರು. ಹೊಲದ ಯಜಮಾನ, ಯಾರನ್ನೋ ಕರೆಯುತ್ತಿದ್ದಾರೆಂದು, ಹಿಂದೆ ತಿರುಗಿ ನೋಡಿದ.

ಕನ್ನಡ ಮೇಷ್ಟರಾಗಿ ಸವೆದ ನನಗೆ ಸುಮ್ಮನಿರಲಾಗಲಿಲ್ಲ. ಇಟಲಿಯ ಗಣಿತಜ್ಞ ಫಿಬೊನಾಚಿ ಈ ಅಂಕಿಗಳಿರುವ ತನ್ನ ಪುಸ್ತಕ ಬರೆದದ್ದು 1202ರಲ್ಲಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ಗುಜರಾತಿನ ಜೈನಾಚಾರ್ಯ ಹೇಮಚಂದ್ರ ಇವೇ ಅಂಕಿಗಳನ್ನು ಬರೆದಿಟ್ಟಿದ್ದ. ಹೂವು ನೋಡಿಯಲ್ಲ, ಛಂದಸ್ಸಿನ ಲೆಕ್ಕ ಹಾಕಿ: ಮೂರು ಮಾತ್ರೆಗಳನ್ನು ಲಘು-ಗುರುಗಳಲ್ಲಿ 3 ಬಗೆಯಾಗಿ ಹೊಂದಿಸಬಹುದು, ನಾಲ್ಕನ್ನು 5, ಐದನ್ನು 8, ಆರನ್ನು 13. ಇದನ್ನು ಹೇಳಿದಾಗ ಷಡ್ಡಕರು ಭಾವುಕರಾದರು. "ಹಾಗಾದ್ರೆ ಪದ್ಯದಲ್ಲೂ ದೇವರಿದ್ದಾನೆ ಅನ್ನಿ."

"ಕವಿಗಳನ್ನ ಹತ್ತಿರದಿಂದ ನೋಡಿದರೆ ಹಾಗನ್ನಿಸಲ್ಲ" ಎಂದೆ.

ಅವರು ಪರಮಾನಂದಪಟ್ಟದ್ದು ಸೋಮನಾಥಪುರದಲ್ಲಿ. 1258ರ ಕೇಶವ ದೇವಾಲಯ. ಮೂರು ಗರ್ಭಗುಡಿ, ಒಂದೊಂದರ ತಳವೂ ಹದಿನಾರು ಮೂಲೆಯ ನಕ್ಷತ್ರ. ಒಂದೇ ನಡುಬಿಂದುವಿನ ಮೇಲೆ ನಾಲ್ಕು ಚೌಕಗಳನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ಹೊರಳಿಸುತ್ತ ಇಟ್ಟರೆ ಇಂಥ ನಕ್ಷತ್ರ ಸಿಗುತ್ತದೆ. ಮಟಮಟ ಮಧ್ಯಾಹ್ನ, ಬರಿಗಾಲು, ಕಾದ ಜಗತಿ. ಒಂದು ಕಾಲೆತ್ತಿ ಇನ್ನೊಂದು ಕಾಲೂರುತ್ತ ಷಡ್ಡಕರು, "ಇದರ ಆಧ್ಯಾತ್ಮಿಕ ಅರ್ಥ ಏನಿರಬಹುದು ಹೇಳಿ?" ಎಂದರು. ಆ ಕ್ಷಣದಲ್ಲಿ ನನ್ನ ಅಧ್ಯಾತ್ಮವೆಲ್ಲ ನೆರಳಿನ ಕಡೆಗಿತ್ತು. ಗೋಡೆ ಸೇರಿ ನಿಂತರೆ ವಿಗ್ರಹದ ಬುಡದಲ್ಲಿ ಮಲ್ಲಿತಮ್ಮನ ಹೆಸರು. ಕೆತ್ತಿದ್ದಕ್ಕೆ ರುಜು ಹಾಕಿ ಹೋಗಿದ್ದಾನೆ ಮಹಾರಾಯ.

ಅಮ್ಮ ತನ್ನ ರಂಗೋಲಿಗೆ ರುಜು ಹಾಕಲಿಲ್ಲ. ಹಾಕಿದ್ದರೂ ಏಳು ಗಂಟೆಗೆ ಹಾಲಿನವನ ಸೈಕಲ್ಲು ಅದರ ಮೇಲೆ ಹಾದು ಹೋಗುತ್ತಿತ್ತು.

ನಮ್ಮದು ಬೀದಿಗೆ ಬಾಗಿಲಿದ್ದ ಮನೆ. ಧನುರ್ಮಾಸದಲ್ಲಿ ನಾವಿನ್ನೂ ಹೊದ್ದು ಮಲಗಿರುವಾಗಲೇ ಗುಡಿಸಿ, ಸಗಣಿನೀರು ಹಾಕಿ, ಅಮ್ಮ ಸೊಂಟ ಬಗ್ಗಿಸಿ ಚುಕ್ಕಿ ಇಡಲು ತೊಡಗಿದರೆ, ಹೆಬ್ಬೆರಳು ತೋರುಬೆರಳಿನ ನಡುವಿಂದ ಪುಡಿ ದಾರದಂತೆ ಇಳಿಯುತ್ತಿತ್ತು. ಇರುವೆಗಳಿಗೆ ಆಹಾರವಾಗಲೆಂದೇ ಹಿರಿಯರು ರಂಗೋಲಿ ಹಾಕುತ್ತಿದ್ದರೆಂದು ಈಚೆಗೆ ವಾಟ್ಸ್ಯಾಪಿನಲ್ಲಿ ಓದಿದೆ. ನಮ್ಮನೆಯದು ಬುಟ್ಟಿಯವಳು ಪಾವಿನಲ್ಲಿ ಅಳೆದು ಕೊಟ್ಟ ಕಲ್ಲುಪುಡಿ. ಹಬ್ಬದ ದಿನದ ಅಕ್ಕಿಹಿಟ್ಟು ಬಿಟ್ಟರೆ ಇರುವೆಗಳು ಅಮ್ಮನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ದೊಡ್ಡ ರಂಗೋಲಿಗೆ 15ರಿಂದ 8. ನಡುವೆ ಹದಿನೈದು ಚುಕ್ಕಿಯ ಸಾಲು, ಮೇಲೆ ಕೆಳಗೆ ಎರಡೆರಡು ಚುಕ್ಕಿಯ ಸಂದಿನಲ್ಲಿ ಒಂದೊಂದು ಇಡುತ್ತ ಎಂಟಕ್ಕೆ ನಿಲ್ಲಿಸುವುದು. ಒಟ್ಟು 169 ಚುಕ್ಕಿ, ಹೊರಗೆರೆ ಎಳೆದರೆ ಷಡ್ಭುಜ. ಜೇನುಗೂಡಿನ ಕೋಣೆಗಳೂ ಇದೇ ಸಂದಿನ ಲೆಕ್ಕದಲ್ಲಿ ಕೂತಿವೆ. ಸಮಾನ ಕೋಣೆಗಳನ್ನು ಅತಿ ಕಡಿಮೆ ಗೋಡೆಯಲ್ಲಿ ಕಟ್ಟಲು ಷಡ್ಭುಜವೇ ಸರಿ ಎಂಬುದನ್ನು ಅಮೆರಿಕದ ಥಾಮಸ್ ಹೇಲ್ಸ್ ಸಾಧಿಸಿ ತೋರಿಸಿದ್ದು 1999ರಲ್ಲಿ. ಜೇನಿಗೂ ಅಮ್ಮನಿಗೂ ಅಷ್ಟು ದಿನ ಕಾಯುವ ಪುರುಸೊತ್ತಿರಲಿಲ್ಲ.

ಚುಕ್ಕಿಯ ಸುತ್ತ ಎಳೆ ಸುತ್ತುವ ರಂಗೋಲಿಯಲ್ಲಿ ಅವಳ ಕಾನೂನು ಬೇರೆ. ಅಕ್ಕನಿಗೆ ಹೇಳುತ್ತಿದ್ದಳು: "ನಾಲ್ಕಕ್ಕೆ ನಾಲ್ಕು ಇಡಬೇಡ ಕಣೇ, ತುಂಡು ತುಂಡಾಗುತ್ತೆ. ಮೂರಕ್ಕೆ ನಾಲ್ಕು ಇಡು." ನಿಜ. ಮೂರು ಸಾಲಿಗೆ ನಾಲ್ಕು ಚುಕ್ಕಿಯಾದರೆ ಒಂದೇ ಎಳೆ ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬರುತ್ತದೆ. ನಾಲ್ಕಕ್ಕೆ ನಾಲ್ಕಾದರೆ ನಾಲ್ಕು ಬೇರೆ ಬೇರೆ ಎಳೆ. ಎಷ್ಟು ಎಳೆಯೆಂಬುದು ಎರಡು ಸಂಖ್ಯೆಗಳ ಮಸಾಅ! ಶುಕ್ರವಾರ ದೇವರ ಮುಂದೆ ಹೃದಯಕಮಲ: ಎಂಟು ದಿಕ್ಕಿಗೆ ಐದೈದು ಚುಕ್ಕಿ. ಮೊದಲ ದಿಕ್ಕಿನ ಒಂದನೆಯದರಿಂದ ಮುಂದಿನದರ ಮೂರಕ್ಕೆ, ಅಲ್ಲಿಂದ ಐದಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಮತ್ತೆ ಒಂದಕ್ಕೆ. ಎಂಟು ಮತ್ತು ಐದರ ಲಸಾಅ 40. ನಲವತ್ತು ಚುಕ್ಕಿಯನ್ನೂ ಮುಟ್ಟಿ ಗೆರೆ ಮನೆಗೆ ಬರುತ್ತದೆ, ಕಮಲ ಅರಳುತ್ತದೆ. ಒಳಗೆ ನಾನು ಲಸಾಅ ಮಸಾಅ ಬಾಯಿಪಾಠ ಮಾಡುತ್ತ ತೂಕಡಿಸುತ್ತಿದ್ದೆ, ಹೊರಗೆ ಅವೆರಡೂ ನೆಲದ ಮೇಲೆ ಬಿದ್ದಿರುತ್ತಿದ್ದವು.

ಶ್ರೀಚಕ್ರದ ತಂಟೆಗೆ ಅವಳು ಹೋದವಳಲ್ಲ. ಮೇಲ್ಮುಖ ನಾಲ್ಕು, ಕೆಳಮುಖ ಐದು, ಒಂಬತ್ತು ತ್ರಿಕೋನ ಹೆಣೆದು 43 ಪುಟ್ಟ ತ್ರಿಕೋನ ಹುಟ್ಟಬೇಕು; ಒಂದು ಗೆರೆ ಕೂದಲೆಳೆ ಜಾರಿದರೂ ಸಂಧಿಗಳೆಲ್ಲ ಚಾಡಿ ಹೇಳುತ್ತವೆ. "ಅದು ಉಪದೇಶ ಆದವರ ಕೆಲಸ, ತುಳಿಯೋ ಕಡೆ ಹಾಕೋದಲ್ಲ" ಎನ್ನುತ್ತಿದ್ದಳು.

ಕಾಲೇಜು ಸೇರಿ ಎರಡಕ್ಷರ ಕಲಿತ ಸೊಕ್ಕಿನಲ್ಲಿ ನಾನೂ ಒಂದು ಬೆಳಿಗ್ಗೆ ಷಡ್ಡಕರ ಪ್ರಶ್ನೆಯನ್ನೇ ಕೇಳಿದ್ದೆ. "ಇದಕ್ಕೆಲ್ಲ ಅರ್ಥ ಏನಮ್ಮಾ?"

"ಅರ್ಥ ಎಂಥದ್ದು, ಗೆರೆ ಕೂಡಬೇಕು. ಕಾಲು ತೆಗಿ."

1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ತಮಿಳರ ರಂಗೋಲಿಯಾದ ಕೋಲಂಗಳಿಗೆ ಕಂಪ್ಯೂಟರ್ ವ್ಯಾಕರಣವನ್ನೇ ಬರೆದರು. ಅಮ್ಮನ ಗ್ರಂಥ ಒಂದು ಹಳೆಯ ಲೆಕ್ಕದ ಪುಸ್ತಕ. ಎಡಕ್ಕೆ ಹಾಲಿನ ಬಾಕಿ, ಬಲಕ್ಕೆ ಚುಕ್ಕಿ. ಎಷ್ಟೋ ಪುಟಗಳಲ್ಲಿ "15–8, ಸರೋಜನ ಅತ್ತೆ ಮನೆಯದು" ಎಂದಷ್ಟೇ ಇದೆ, ಗೆರೆಯಿಲ್ಲ. ಗೆರೆ ಕೈಯಲ್ಲಿತ್ತು, ಬರೆದಿಡುವ ಅಗತ್ಯ ಕಾಣಲಿಲ್ಲ. ಪೆನ್ಸಿಲ್ ಹಿಡಿದು ಕೂಡಿಸಲು ಕೂರುತ್ತೇನೆ. ಹಾಲಿನ ಬಾಕಿಯಾದರೂ ಕೂಡುತ್ತದೆ.

ಈಗಿರುವುದು ಫ್ಲಾಟಿನಲ್ಲಿ. ಹೊಸ್ತಿಲಾಚೆ ಪುಡಿ ಚೆಲ್ಲಿದರೆ ಕಾರಿಡಾರು ಕೊಳೆಯಾಗುತ್ತದೆಂದು ಅಸೋಸಿಯೇಷನ್ನಿನ ಸುತ್ತೋಲೆ ಇದೆ. ನನ್ನಾಕೆ ಅಂಗಡಿಯಿಂದ ಹೃದಯಕಮಲದ ಸ್ಟಿಕರ್ ತಂದು ಅಂಟಿಸಿದಳು. ಮೊನ್ನೆ ಷಡ್ಡಕರು ಬಂದವರೇ ಟೇಪು ತೆಗೆದು ಕುಕ್ಕರಗಾಲಲ್ಲಿ ಕೂತರು, ನಾನೂ ಕೂತೆ. ಬೆರಳಿಟ್ಟು ಗೆರೆಯ ಹಿಂದೆ ಹೋದರೆ ಎಂಟೇ ಚುಕ್ಕಿಗೆ ವಾಪಸು ಬರುತ್ತಿದೆ. ಅಚ್ಚು ಮಾಡಿದವರು ದಿಕ್ಕಿಗೆ ನಾಲ್ಕೇ ಚುಕ್ಕಿ ಇಟ್ಟಿದ್ದಾರೆ. ಕಮಲ ನಾಲ್ಕು ಪಾಲಾಗಿದೆ. "ಎಂಟು, ನಾಲ್ಕರ ಲಸಾಅ ಎಂಟೇ ಅಲ್ವೇನ್ರೀ!" ಎಂದು ಷಡ್ಡಕರು ಹಣೆ ಚಚ್ಚಿಕೊಂಡರು.

ಲಿಫ್ಟಿನಿಂದಿಳಿದ ಮೇಲಿನ ಮನೆಯ ಹುಡುಗಿ ನಮ್ಮನ್ನು ಕಂಡು ಗಾಬರಿಯಾದಳು. "ಏನಾದ್ರೂ ಕಳೆದುಹೋಯ್ತಾ ಅಂಕಲ್?"

"ಎಂಟು ಚುಕ್ಕಿ ಕಣಮ್ಮ" ಎಂದರು ಷಡ್ಡಕರು.

ಪಾಪ, ಅವಳು ಮೊಬೈಲಿನ ಟಾರ್ಚ್ ಹಾಕಿ ನಮ್ಮ ಜೊತೆ ಬಗ್ಗಿದಳು. "ಚಿನ್ನದ್ದಾ ಅಂಕಲ್?"