ಮೂರನೇ ಗಾಜು

ಕಾಡುಗೋಡಿ ಹತ್ತಿರ ಕಟ್ಟಿಸುತ್ತಿರುವ ಮನೆಗೆ ಕಿಟಕಿ ಆರಿಸೋ ಕೆಲಸ ನನ್ನ ಪಾಲಿಗೆ ಬಂತು. ಮ್ಯೂನಿಕ್‌ನಲ್ಲಿರುವ ತಮ್ಮ ದುಡ್ಡು ಕಳಿಸಿ, "ಟ್ರಿಪಲ್ ಗ್ಲೇಜಿಂಗ್ ಹಾಕಿಸಣ್ಣ, ಅಮ್ಮನ ರೂಮಿಗೆ ಮೊದಲು" ಅಂದಿದ್ದ. ಅಮ್ಮನ ರೂಮು ಪಶ್ಚಿಮಕ್ಕಿದೆ, ಬೇಸಿಗೆಯಲ್ಲಿ ಸಂಜೆ ಒಲೆ.

ವೈಟ್‌ಫೀಲ್ಡ್‌ನ ಒಂದು ಶೋರೂಮಿಗೆ ಹೋದೆ. ಅಲ್ಲಿನ ಹುಡುಗ ಉರಿಯೋ ದೀಪದ ಮುಂದೆ ಗಾಜಿಟ್ಟು "ಕೈ ಹಿಡಿದು ನೋಡಿ ಸಾರ್" ಅಂದ. ಒಂಟಿ ಗಾಜಿನ ಹಿಂದೆ ಅಂಗೈ ಚುರುಗುಟ್ಟಿತು. ಮೂರು ಪದರದ್ದರ ಹಿಂದೆ ಏನೂ ಇಲ್ಲ. ನಾನು ಸೋತೇ ಹೋಗಿದ್ದೆ. ಸುಮ್ಮನೆ ಇರಲಿ ಅಂತ ಎರಡು ಪದರದ್ದನ್ನೂ ಇಡಿಸಿದೆ. ನನ್ನ ಅಂಗೈಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ! ಕೇಳಿದರೆ, ಎರಡಕ್ಕೂ ಒಂದೇ ಲೇಪನವಂತೆ. ಬಿಸಿಲಿನ ಶಾಖವನ್ನು ಹೆಚ್ಚಾಗಿ ತಡೆಯೋದು ಆ ಲೇಪನ. ಮೂರನೇ ಗಾಜಿನ ಕೆಲಸ ಬೇರೆ: ಒಳಗಿನ ಬೆಚ್ಚಗೆ ಹೊರಗೆ ಸೋರದ ಹಾಗೆ ನೋಡಿಕೊಳ್ಳೋದು. ಹೊರಗೆ ಮೈನಸ್ 10, ಒಳಗೆ 20 ಇರುವ ತಮ್ಮನ ಊರಲ್ಲಿ ಅದು ದುಡಿಯುತ್ತೆ. ನಮ್ಮಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೇ ದಾಖಲೆ, ಅದೂ ಮಧ್ಯಾಹ್ನದ ಕೆಲವು ತಾಸು.

ಮೇಸ್ತ್ರಿ ನಕ್ಕ. "ಸಂಜೆ ಬಿಸಿಲು ಓರೆಯಾಗಿ ಬರುತ್ತೆ ಸಾರ್, ಸಜ್ಜಾ ಎಷ್ಟು ಚಾಚಿದ್ರೂ ನಿಲ್ಲಲ್ಲ. ಹೊರಗಡೆ ಬಿದಿರಿನ ಪರದೆ ಇಳಿಬಿಡಿ." ಗಾಜಿಗೆ ಬೀಳೋ ಮುಂಚೆಯೇ ಬಿಸಿಲು ತಡೆದರೆ ಅರ್ಧ ಕೆಲಸ ಮುಗಿಯಿತು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ರಾತ್ರಿ ತೆಗೆದಿಡಬಹುದಾ?" ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ನುಗಳ ಸದ್ದಿನ ಪಕ್ಕದಲ್ಲೇ ಕಿಟಕಿ ತೆಗೆದಿಟ್ಟು ಮಲಗಿದವಳು. ತೆಗೆದಿಟ್ಟ ಕಿಟಕಿಗೆ ಗಾಜು ಒಂದಾದರೇನು, ಮೂರಾದರೇನು? ಆಮೇಲೆ ನೋಡಿದರೆ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆಯೂ ಬೆಂಗಳೂರಿನಂಥ ಹವೆಗೆ ಅಮ್ಮನ ಮಾತನ್ನೇ ಹೇಳುತ್ತೆ: ತೆಗೆಯಬಹುದಾದ ಕಿಟಕಿ, ಬಾಗಿಲುಗಳ ಜಾಗ ಮನೆಯ ಕಾರ್ಪೆಟ್ ಏರಿಯಾದ ಕನಿಷ್ಠ ಶೇ. 12.5 ಇರಬೇಕು.

ಧೂಳಿನ ಮಾತು ಬೇರೆ. ಹೋಪ್ ಫಾರ್ಮ್ ಕಡೆಯಿಂದ ಬರೋ ಟ್ಯಾಂಕರ್‌ಗಳ ಧೂಳಿಗೆ ನನ್ನ ಹತ್ತಿರ ಉತ್ತರ ಇಲ್ಲ. ರಸ್ತೆ ಕಡೆ ರೂಮಲ್ಲಿ ಹೆಂಡತಿ ರಾತ್ರಿ ಹನ್ನೊಂದರವರೆಗೆ ಕಾಲ್‌ನಲ್ಲಿರುತ್ತಾಳೆ, ಅದೊಂದಕ್ಕೆ ಮಾತ್ರ ಸದ್ದು ತಡೆಯೋ ಎರಡು ಪದರದ ಲ್ಯಾಮಿನೇಟೆಡ್ ಗಾಜು. ಅಮ್ಮನ ಕೋಣೆಗೆ ಮಾಮೂಲಿ ಗಾಜು, ಬಿದಿರಿನ ಪರದೆ.

ದುಡ್ಡು ಮಿಕ್ಕಿದೆ ಅಂತ ತಮ್ಮನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಾಗಾದ್ರೆ ಸೊಳ್ಳೆಗೆ?" ಅಂದ.

ಜಾಲರಿ ಹಾಕಿಸ್ತಿದೀನಿ ಅಂದೆ.