ಬಾವಿಯೂ ನಮ್ಮ ಮನೆಯ ಕಸವೂ

ಅಕೌಂಟೆನ್ಸಿ ತರಗತಿಯಲ್ಲಿ ಮೇಷ್ಟ್ರು ಸವಕಳಿಯ ಪಾಠ ತೆಗೆದಾಗಲೆಲ್ಲ ನನಗೆ ಬನ್ಸಿಲಾಲ್‌ಪೇಟೆಯ ಬಾವಿ ನೆನಪಾಗುತ್ತದೆ. ಆಸ್ತಿಯ ಬೆಲೆ ವರ್ಷವರ್ಷಕ್ಕೂ ಇಳಿದು ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿಗೆ ನಿಲ್ಲಬಹುದಂತೆ. ನಮ್ಮ ಓಣಿಯವರು ಆ ಬಾವಿಗೆ ಅಷ್ಟು ಬೆಲೆಯನ್ನೂ ಕಟ್ಟಿರಲಿಲ್ಲ.

ಮಿತ್ರರೆ, ನಾನು ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡದಲ್ಲೇ ಕಲಿತವನು. ಮನೆ ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಯಲ್ಲಿ. ಬೆಳಿಗ್ಗೆ ಪಾಟಿಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡುವ ಹೊತ್ತಿಗೆ ಅವ್ವ ಕೈಗೊಂದು ಕಸದ ಚೀಲ ಕೊಡುತ್ತಿದ್ದಳು. “ಹೋಗೂಮುಂದ ಬಾವ್ಯಾಗ ಒಗದ್ ಹೋಗು.” ನಾನು ಒಗೆದು ಹೋಗುತ್ತಿದ್ದೆ. ಎಲ್ಲರೂ ಒಗೆಯುತ್ತಿದ್ದರು. ಹೆಸರಿಗೆ ಬಾವಿ, ನೋಡಿದರೆ ತಿಪ್ಪೆ. ಅದರೊಳಗೆ ಕಲ್ಲಿನ ಮೆಟ್ಟಿಲು, ಕಮಾನು ಇವೆಯೆಂದು ಹೇಳುತ್ತಿದ್ದವಳು ನಮ್ಮ ಅಜ್ಜಿ ಒಬ್ಬಳೇ. ಬೀದರ ಕಡೆಯಿಂದ ಮದುವೆಯಾಗಿ ಬಂದವಳು. “ಆ ನೀರಾಗ ಬ್ಯಾಳಿ ಬೆಣ್ಣಿ ಹಂಗ ಬೇಯ್ತಿತ್ತೋ ತಮ್ಮಾ” ಎನ್ನುತ್ತಿದ್ದಳು. ಅಜ್ಜಿಯ ಬಾಯಲ್ಲಿ ಹಳೆಯದೆಲ್ಲವೂ ಬೆಣ್ಣೆಯೇ ಆದ್ದರಿಂದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

2021ರ ಬೇಸಿಗೆಯಲ್ಲಿ, ಕೊರೋನಾದ ಎರಡನೆಯ ಸಲ, ಅಜ್ಜಿ ಹೋದಳು. ಅದೇ ವರ್ಷ ಬಾವಿಯ ಹತ್ತಿರ ಲಾರಿಗಳು ಬಂದು ನಿಂತವು. ‘ರೇನ್‌ವಾಟರ್ ಪ್ರಾಜೆಕ್ಟ್’ನ ವಾಸ್ತುಶಿಲ್ಪಿ ಕಲ್ಪನಾ ರಮೇಶ್ ಅವರೂ ನಗರ ಪಾಲಿಕೆಯವರೂ ಕೂಡಿ ಬಾವಿ ತೋಡಿಸಲು ಹೊರಟಿದ್ದರು. “ಕಸ ತೆಗ್ಯಾಕ ಇಷ್ಟು ಖರ್ಚೇನು!” ಎಂದು ಅಪ್ಪ ನಕ್ಕರು. ನಾನೂ ನಕ್ಕೆ. ಲಾರಿ ಮೇಲೆ ಲಾರಿ ತುಂಬಿ ಹೋಯಿತು. ಸಾವಿರಾರು ಟನ್ ಕಸವೆಂದು ಆಮೇಲೆ ಲೆಕ್ಕ ಹೇಳಿದರು. ಅದರಲ್ಲಿ ನಮ್ಮ ಮನೆಯ ಪಾಲೆಷ್ಟೆಂದು ಒಂದು ರಾತ್ರಿ ಕೂತು ಗುಣಿಸಿ ನೋಡಿದೆ. ದಿನಕ್ಕೊಂದು ಚೀಲ, ಹತ್ತು ವರ್ಷ. ಉತ್ತರ ಬಂದ ಮೇಲೆ ನಿದ್ದೆ ಬರಲಿಲ್ಲ.

ಕಸ ಇಳಿದಂತೆಲ್ಲ ಮೆಟ್ಟಿಲು ಒಂದೊಂದಾಗಿ ಮೇಲೆದ್ದವು. ಕಮಾನುಗಳು ಬಂದವು. ಹದಿನೇಳನೆಯ ಶತಮಾನದ ಬಾವಿಯಂತೆ. ಕೊನೆಗೆ ತಳದಲ್ಲಿ ನೀರು ಒಸರಿತು. ಜಲ ಅಲ್ಲೇ ಇತ್ತು. ನಾವು ಅದರ ಬಾಯಿ ಮುಚ್ಚಿದ್ದೆವು, ಅಷ್ಟೆ. 2022ರ ಡಿಸೆಂಬರ್ 5ರಂದು ಬಾವಿ ಜನರಿಗೆ ತೆರೆಯಿತು.

ಇಲ್ಲೊಂದು ತಮಾಷೆಯಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿದಾಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಹಾಕಿಕೊಟ್ಟ ಯೋಜನೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ಪ್ರವಾಹವೂ ತಗ್ಗಿತು, ಊರಿಗೆ ನಳದ ನೀರೂ ಬಂತು. ನಳ ಬಂದ ಮೇಲೆ ಬಾವಿಯ ಕಡೆ ಯಾರು ನೋಡುತ್ತಾರೆ? ರಾಜ್ಯೋತ್ಸವದ ಭಾಷಣದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು ಈ ಅರ್ಧ ಕಥೆಯನ್ನು ಹೇಳುವುದಿಲ್ಲ. ತಪ್ಪು ಅವರದಲ್ಲ. ಕೆರೆ ಕಟ್ಟಿರೆಂದರು, ಬಾವಿಗೆ ಕಸ ಸುರಿಯಿರೆಂದು ಹೇಳಲಿಲ್ಲ.

ಬಾವಿಗಳು ಇದೊಂದೇ ಅಲ್ಲ. ಲಂಗರ್ ಹೌಸಿನ ಬಾಪೂ ಘಾಟಿನಲ್ಲೂ ಒಂದಿದೆ, ಅದೂ ಇದೇ ರೀತಿ ಮರಳಿ ಬಂದದ್ದು. ತಿಪ್ಪೆಯಾಗಿಯೇ ಉಳಿದವು ಇನ್ನೂ ಇವೆ. ನಮ್ಮ ಸಂಘದಲ್ಲಿ ಕವಿಗೋಷ್ಠಿಗೆ ಹನ್ನೆರಡು ಮಂದಿ ಕೂಡಿದರೆ ಹಬ್ಬ. ಆ ಹನ್ನೆರಡು ಮಂದಿ ಒಂದು ಭಾನುವಾರ ಬುಟ್ಟಿ ಹಿಡಿದರೆ ಕವಿತೆಗೇನೂ ನಷ್ಟವಿಲ್ಲವೆಂದು ಕಳೆದ ಸಭೆಯಲ್ಲಿ ಹೇಳಿದೆ. ಇಬ್ಬರು ಕೈಯೆತ್ತಿದ್ದಾರೆ. ಒಬ್ಬನು ಚಹಾ ಇದ್ದರೆ ಮಾತ್ರ ಬರುತ್ತಾನಂತೆ.

ಹೋದ ತಿಂಗಳು ಅವ್ವನನ್ನು ಬಾವಿಗೆ ಕರೆದುಕೊಂಡು ಹೋದೆ. ಓಣಿಯಲ್ಲೇ ಇದ್ದರೂ ಅವಳು ಒಳಗೆ ಕಾಲಿಟ್ಟಿರಲಿಲ್ಲ, ನಾಚಿಕೆಯೋ ಏನೋ. ಮೇಲಿನ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದಳು. ಕಡೆಗೆ ಮೆಲ್ಲಗೆ ಕೇಳಿದಳು: “ಒಂದ್ ತಂಬಿಗಿ ತುಂಬ್ಕೋಬಹುದೇನೋ? ಬ್ಯಾಳಿ ಬೇಯ್ಸಿ ನೋಡ್ತಿದ್ದೆ.”

ಕಾವಲುಗಾರನನ್ನು ಕೇಳಿದೆ. ಕುಡಿಯುವ ನೀರಲ್ಲ, ಕೆಳಗಿಳಿಯಬೇಡಿ ಎಂದ.