ಎಲ್ಲದಕ್ಕೂ ‘ಹ್ಞೂಂ’ ಅನ್ನೋ ಇಲಿ

“ಕೇಳಿಸ್ತಾ?” ಅಂತ ಇಲಿಯನ್ನ ಕೇಳೋದು ಹೇಗೆ? ಮೂಕಪ್ರಾಣಿ. ಅದಕ್ಕೇ ಸಂಶೋಧಕರು ಒಂದು ಪಾಠ ಕಲಿಸ್ತಾರೆ. ಸ್ವರ ಬಂದಾಗ ನಳಿಕೆ ನೆಕ್ಕಿದ್ರೆ ಒಂದು ಹನಿ ನೀರು. ಸ್ವರ ಇಲ್ಲದಾಗ ನೆಕ್ಕಿದ್ರೆ ಏನೂ ಇಲ್ಲ. 🐭

ಕೈಯಾರೆ ಕಲಿಸೋಕೆ ಒಂದೊಂದೇ ಇಲಿಯನ್ನ ಗೂಡಿಂದ ಎತ್ಕೊಂಡು ಹೋಗಿ ದಿನಾ ಕೂರಬೇಕು. ಇಲಿ ಚುರುಕಾಗೋದು ರಾತ್ರಿ, ಲ್ಯಾಬ್ ನಡೆಯೋದು ಹಗಲು. ಸಾಲದ್ದಕ್ಕೆ, ಗಂಡಸರ ಮೈವಾಸನೆಯೇ ಇಲಿಗಳಿಗೆ ಒತ್ತಡ ತರುತ್ತೆ ಅಂತ 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ ತೋರಿಸಿತು.

2017ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನಿಕೋಲಸ್ ಫ್ರಾನ್ಸಿಸ್, ಪ್ಯಾಟ್ರಿಕ್ ಕಾನೋಲ್ಡ್ ‘ಟೋನ್‌ಬಾಕ್ಸ್’ ಬಗ್ಗೆ ಬರೆದರು. ಸ್ಪೀಕರ್, ನಳಿಕೆ ಎರಡನ್ನೂ ಇಲಿಯ ಗೂಡಿಗೇ ಇಟ್ಟುಬಿಟ್ರು. ಸ್ವರ ಹಾಕೋದು, ನೆಕ್ಕಿದ್ದನ್ನ ಲೆಕ್ಕ ಬರೆಯೋದು, ನೀರು ಕೊಡೋದು ಎಲ್ಲಾ ಯಂತ್ರವೇ. ಜೆರುಸಲೇಮ್‌ನ ‘ಎಜುಕೇಜ್’ನಲ್ಲಿ ಹಲವು ಇಲಿ ಒಟ್ಟಿಗೆ ಇರ್ತವೆ. ಮೈಯೊಳಗಿನ ಚಿಪ್ ನೋಡಿ ಯಾವ ಇಲಿ ಬಂತು ಅಂತ ಯಂತ್ರ ಗುರುತಿಸುತ್ತೆ. ನಮ್ಮೂರ ಹಸುಗಳ ಕಿವೀಲಿ 12 ಅಂಕಿಯ ಹಳದಿ ಓಲೆ ಇಲ್ವಾ, ಹಾಗೇ.

ಬಿಕಾಂನವಳ ಕಣ್ಣಿಗೆ ಮೊದಲು ಕಾಣೋದು ಉಳಿದ ಕೂಲಿ. ಆದ್ರೆ ದೊಡ್ಡ ಲಾಭ ಬೇರೆ: ಉತ್ತರ ನಿಜವಾಗಿರುತ್ತೆ. ಸುಮ್ಮನೆ ನೆಕ್ಕುತ್ತಾ ಇರೋ ಇಲಿ ಎಲ್ಲಾ ಸ್ವರಕ್ಕೂ ಪಾಸ್. ಅದು ಸಿಕ್ಕಿಬೀಳೋದು ಮೌನದಲ್ಲಿ ನೆಕ್ಕಿದಾಗ.

ಶ್ರೀನಿವಾಸಪುರದ ನಮ್ಮಜ್ಜಿ ಥೇಟ್ ಹಂಗೇ. ನಮ್ಮ ತುಟಿ ನೋಡಿ ಎಲ್ಲದಕ್ಕೂ “ಹ್ಞೂಂ, ಕೇಳ್ತೈತೆ.” ಮನೇಲಿ ಅವರಿಗೆ ‘ಹಟಮಾರಿ’ ಅಂತ ಹೆಸರು. ಕಿವಿ ಪರೀಕ್ಷೆಯ ಕೋಣೇಲಿ ಹೆಡ್‌ಫೋನ್ ಹಾಕಿ ಕೈಗೆ ಬಟನ್ ಕೊಟ್ರು. ನೋಡೋಕೆ ಯಾರ ಮುಖವೂ ಇರಲಿಲ್ಲ. ಗ್ರಾಫ್ ಕೀರಲು ಸ್ವರಗಳ ಕಡೆ ಇಳೀತಾ ಹೋಯ್ತು. ವಯಸ್ಸಾದಾಗ ಮೊದಲು ಹೋಗೋದು ಅವೇ. ಸ, ಶ ಅಂಥ ಅಕ್ಷರ ಮಸುಕಾಗುತ್ತೆ. ಸದ್ದು ಕೇಳುತ್ತೆ, ಮಾತು ತಿಳಿಯಲ್ಲ. ಲ್ಯಾಬ್‌ಗಳಲ್ಲಿ ತುಂಬಾ ಬಳಸೋ ‘ಸಿ57 ಬ್ಲ್ಯಾಕ್ 6’ ಇಲಿಗಳಿಗೂ ವಯಸ್ಸಾಗ್ತಾ ಇದೇ ಆಗುತ್ತೆ.

ಇಲಿ ಇದನ್ನೆಲ್ಲ ಖುಷಿಗೆ ಮಾಡಲ್ಲ, ಬಾಯಾರಿಕೆಗೆ ಮಾಡುತ್ತೆ. ಆ ಋಣ ಮರೆಯಬಾರದು.

ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಾ ಕಡೆಯ ಫ್ರೆಂಡ್ಸ್‌ಗೆ ಒಂದೇ ಮಾತು: ಮನೆ ಹಿರಿಯರನ್ನ ಎದುರು ನಿಂತು “ಕೇಳಿಸ್ತಾ?” ಅನ್ಬೇಡಿ. ಇವತ್ತು ಹಿಂದಿನಿಂದ, ಮಾಮೂಲಿ ದನಿಯಲ್ಲಿ ಕರೀರಿ. ತಿರುಗದಿದ್ರೆ ಬೈಬೇಡಿ, ಪರೀಕ್ಷೆಗೆ ಕರ್ಕೊಂಡು ಹೋಗಿ.

#ಕಿವಿಮಾತು #ಕೋಲಾರ